ನಿವೃತ್ತ ಅಧಿಕಾರಿಗಳ ನೆನಪಿನ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಹುದ್ದೆಯಲ್ಲಿದ್ದವರು ನಿವೃತ್ತಿಯಾದ ಮೇಲೆ ಪುಸ್ತಕ ಬರೆಯುವುದು ಈಗ ಮಾಮೂಲಾಗಿದೆ. ಇವನ್ನು ಓದಬೇಕು ಅನ್ನುವವರಲ್ಲಿ ನಾನೂ ಒಬ್ಬ. ಸರ್ಕಾರದ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ನಮಗೆ ಬೇರೆ ದಾರಿಗಳು ಕಡಿಮೆ. ಆದರೆ ಕಣ್ಣು ಮುಚ್ಚಿ ಓದಿದರೆ ಮೋಸ ಹೋಗುತ್ತೇವೆ. ಸ್ನೇಹಿತರು ಮತ್ತು ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ಕೇಳುತ್ತಾ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಹೆಚ್ಚಾಗಿ 1962ರ ಚೀನಾ ಯುದ್ಧವನ್ನೇ ತೆಗೆದುಕೊಂಡಿದ್ದೇನೆ. ಒಂದೇ ಸೋಲಿನ ಬಗ್ಗೆ ಅದರಲ್ಲಿದ್ದ ಇಷ್ಟು ಜನ ಪುಸ್ತಕ ಬರೆದ ಪ್ರಸಂಗ ನಮ್ಮಲ್ಲಿ ಅಪರೂಪ.

ಈ ಪುಸ್ತಕಗಳಲ್ಲಿ ಸುಳ್ಳು ಜಾಸ್ತಿ ಇರುತ್ತದೆಯೇ?

ಹಸಿ ಸುಳ್ಳು ಕಡಿಮೆ. ಬಿಟ್ಟದ್ದು ಜಾಸ್ತಿ.

ಅಧಿಕಾರಿಗಳು ಬರೆಯುವುದರಲ್ಲಿ ಪಳಗಿದ ಜನ. ಮೂವತ್ತು, ಮೂವತ್ತೈದು ವರ್ಷ ಕಡತದಲ್ಲಿ ಬರೆದೇ ಬದುಕಿದವರು. ಯಾವ ವಾಕ್ಯ ನಾಳೆ ತಮ್ಮ ಕುತ್ತಿಗೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಕೆರೆ ಹೂಳೆತ್ತಿಸಿದ ಅಧ್ಯಾಯದಲ್ಲಿ ಎಲ್ಲ ಕೆಲಸವನ್ನೂ ಅವರೇ ಮಾಡಿರುತ್ತಾರೆ. ಗೋಲಿಬಾರ್ ನಡೆದ ಅಧ್ಯಾಯಕ್ಕೆ ಬಂದರೆ ‘ಆದೇಶಿಸಲಾಯಿತು’ ಅಂತ ಇರುತ್ತದೆ, ಆದೇಶ ಕೊಟ್ಟವರ ಹೆಸರು ಇರುವುದಿಲ್ಲ. ಅಂಥ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು ಓದಿ.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ಕೊರತೆ ಯಾವುದು?

ಆ ದಿನ ಕಡತದಲ್ಲಿ ಅವರು ಏನು ಬರೆದರು ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ. ಉಳಿದವೆಲ್ಲ ಇದರ ನಂತರ.

ಸರ್ಕಾರಿ ಕಡತ ನೋಡದವರಿಗೆ ಸ್ವಲ್ಪ ವಿವರಿಸುತ್ತೇನೆ. ಕಡತದಲ್ಲಿ ಟಿಪ್ಪಣಿ ಹಾಳೆ ಅಂತ ಒಂದು ಭಾಗ, ಪತ್ರಗಳದ್ದು ಇನ್ನೊಂದು ಭಾಗ. ಟಿಪ್ಪಣಿ ಹಾಳೆಯಲ್ಲಿ ಮೊದಲು ವಿಷಯ ನಿರ್ವಾಹಕರು ಪ್ಯಾರಾಗಳಿಗೆ ಸಂಖ್ಯೆ ಹಾಕಿ ವಿಷಯ ಮಂಡಿಸುತ್ತಾರೆ. ಆಮೇಲೆ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ, ಕೊನೆಗೆ ಸಚಿವರು. ಒಬ್ಬೊಬ್ಬರೂ ತಮ್ಮ ಮಾತು ಬರೆದು ಸಹಿ ಹಾಕಿ ತಾರೀಖು ಹಾಕುತ್ತಾರೆ. ಕೆಲವರು ಸುಮ್ನೆ ಸಹಿ ಹಾಕಿ ಮೇಲಕ್ಕೆ ಕಳಿಸುತ್ತಾರೆ. ಕೆಲವರು ‘ಚರ್ಚಿಸಿ’ ಅಂತ ಒಂದೇ ಪದ ಬರೆದು ಕೆಳಕ್ಕೆ ವಾಪಸ್ ಕಳಿಸುತ್ತಾರೆ. ಒಪ್ಪದಿದ್ದವರಿಗೂ ಅಲ್ಲಿ ಜಾಗ ಇದೆ. ‘ಪ್ಯಾರಾ 14ರ ಪ್ರಸ್ತಾವನೆಗೆ ನನ್ನ ಸಹಮತವಿಲ್ಲ’ ಅಂತ ಒಂದು ಸಾಲು ಬರೆದರೆ ಸಾಕು, ಅದು ತಾರೀಖಿನ ಸಮೇತ ಉಳಿಯುತ್ತದೆ.

ಈಗ ನೆನಪಿನ ಪುಸ್ತಕಕ್ಕೆ ಬನ್ನಿ. ‘ಈ ಯೋಜನೆಯನ್ನು ನಾನು ಬಲವಾಗಿ ವಿರೋಧಿಸಿದೆ, ಸಚಿವರು ಕೇಳಲಿಲ್ಲ’ ಎಂದಿರುತ್ತದೆ. ಆ ವಿರೋಧ ಟಿಪ್ಪಣಿ ಹಾಳೆಯಲ್ಲಿ ಇದೆಯೇ? ಇದ್ದರೆ ಅದನ್ನು ಹೇಳಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಇಲ್ಲವಾದರೆ ಬಾಯಲ್ಲಿ ಬೇಡ ಅಂದು ಕೈಯಲ್ಲಿ ಸಹಿ ಹಾಕಿದರು ಎಂದೇ ಅರ್ಥ. ಯಾಕೆ ಹಾಕಿದರು? ವರ್ಗಾವಣೆಯ ಭಯವೇ? ಮಕ್ಕಳ ಓದು ಅರ್ಧಕ್ಕೆ ನಿಲ್ಲುತ್ತದೆ ಎಂಬ ಚಿಂತೆಯೇ? ಬಡ್ತಿ ಹತ್ತಿರ ಬಂದಿತ್ತೇ? ಈ ಕಥೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದರೆ ಅದು ಚಿನ್ನದಂಥ ಪುಸ್ತಕವಾಗುತ್ತದೆ. ಇಂಥ ಕಾರಣಗಳನ್ನು ನಾವು ಯಾರೂ ತಳ್ಳಿಹಾಕುವುದಿಲ್ಲ. ಆದರೆ ಹೇಳಬೇಕಲ್ವಾ?

1962ರ ವಿಷಯದಲ್ಲಿ ಇದು ಹೇಗೆ ಕಾಣುತ್ತದೆ?

ಇಂದಿನ ಅರುಣಾಚಲದ ಪಶ್ಚಿಮ ಮೂಲೆಯಲ್ಲಿ ನಾಮ್ಕಾ ಚು ಅಂತ ಒಂದು ಸಣ್ಣ ನದಿ ಇದೆ. ಅದರ ಉತ್ತರಕ್ಕೆ ಥಾಗ್ಲಾ ಬೆಟ್ಟಸಾಲು. 1962ರ ಜೂನ್‌ನಲ್ಲಿ ನದಿಯ ದಕ್ಷಿಣಕ್ಕೆ ನಮ್ಮವರು ಧೋಲಾ ಎಂಬ ಕಾವಲು ನೆಲೆ ಹಾಕಿದರು. ಸೆಪ್ಟೆಂಬರ್ 8ರಂದು ಚೀನಾ ಸೈನಿಕರು ಥಾಗ್ಲಾ ಇಳಿದು ಬಂದರು. ಅವರನ್ನು ಹೊರಹಾಕಬೇಕು ಎಂದು ದಿಲ್ಲಿ ತೀರ್ಮಾನಿಸಿತು. ಆ ಕೆಲಸ ಬಿದ್ದದ್ದು ಬ್ರಿಗೇಡಿಯರ್ ಜಾನ್ ದಳವಿ ಅವರ 7ನೇ ಬ್ರಿಗೇಡ್ ಎಂಬ ಸೇನಾ ತುಕಡಿಯ ಮೇಲೆ. ಸೈನಿಕರಿಗೆ ಹತ್ತಿಯ ಸಮವಸ್ತ್ರ. ಒಬ್ಬೊಬ್ಬರ ಹತ್ತಿರ ಐವತ್ತೇ ಗುಂಡು. ಚಳಿಗಾಲ ಎದುರಿಗೇ ಇತ್ತು.

ಇದು ಆಗದ ಕೆಲಸ ಎಂದು ಆ ಭಾಗದ ಕೋರ್ (ಹಲವು ಬ್ರಿಗೇಡ್‌ಗಳ ದೊಡ್ಡ ಪಡೆ) ಕಮಾಂಡರ್ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಆಕ್ಷೇಪಿಸಿದರು. ಆ ಪ್ರದೇಶವನ್ನೇ ಅವರ ಕೈಯಿಂದ ತೆಗೆದರು. ಅಕ್ಟೋಬರ್ ಮೊದಲ ವಾರದಲ್ಲಿ 4ನೇ ಕೋರ್ ಅಂತ ಹೊಸದು ಮಾಡಿ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರಿಗೆ ಒಪ್ಪಿಸಿದರು. ಕೌಲ್ ಕಾಯಿಲೆ ಬಿದ್ದು ದಿಲ್ಲಿಗೆ ಹೋದರು. ಅಕ್ಟೋಬರ್ 20ರ ಬೆಳಗ್ಗೆ ದಾಳಿ ಶುರುವಾಯಿತು. ಬ್ರಿಗೇಡ್ ಚೂರು ಚೂರಾಯಿತು. ದಳವಿ ಸೆರೆ ಸಿಕ್ಕರು. ಅವರು ಮರಳಿ ಬಂದದ್ದು 1963ರ ಮೇ ತಿಂಗಳಲ್ಲಿ.

ಪುಸ್ತಕಗಳು ಆಮೇಲೆ ಒಂದರ ಹಿಂದೆ ಒಂದು ಬಂದವು. ಕೌಲ್ 1967ರಲ್ಲಿ ಬರೆದರು. ದಳವಿ 1969ರಲ್ಲಿ. ಗುಪ್ತಚರ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎನ್. ಮಲ್ಲಿಕ್ 1971ರಲ್ಲಿ. ಯುದ್ಧದ ನಡುವೆಯೇ ಸ್ಥಾನ ಕಳೆದುಕೊಂಡ 4ನೇ ಡಿವಿಷನ್ ಮುಖ್ಯಸ್ಥ ನಿರಂಜನ್ ಪ್ರಸಾದ್ 1981ರಲ್ಲಿ. ಸೇನಾ ಕೇಂದ್ರ ಕಚೇರಿಯಲ್ಲಿ ಕಾರ್ಯಾಚರಣೆ ವಿಭಾಗ ನೋಡುತ್ತಿದ್ದ ಡಿ.ಕೆ. ಪಲಿತ್ 1991ರಲ್ಲಿ. ಐದನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ತಪ್ಪು ಯಾವಾಗಲೂ ಪಕ್ಕದ ಕೋಣೆಯಲ್ಲಿ ಅಥವಾ ಮೇಲಿನ ಮಹಡಿಯಲ್ಲಿ ಆಗಿರುತ್ತದೆ. ಮಲ್ಲಿಕ್ ಪ್ರಕಾರ ಮಾಹಿತಿ ಕೊಟ್ಟಾಗಿತ್ತು, ಬಳಸಿಕೊಳ್ಳಬೇಕಾದವರು ಬಳಸಿಕೊಳ್ಳಲಿಲ್ಲ. ಕೌಲ್ ಪ್ರಕಾರ ಸೇನೆಗೆ ಬೇಕಾದ ಸಾಮಾನೇ ಇರಲಿಲ್ಲ. ದಳವಿಗೆ ಕೌಲ್ ಮತ್ತು ದಿಲ್ಲಿಯ ನಾಯಕರ ಮೇಲೆ ಸಿಟ್ಟು.

ಇಷ್ಟೆಲ್ಲ ಮಾತಿನ ನಡುವೆ ಒಂದು ಕಾಗದ ಇದೆ. 1962ರ ಸೆಪ್ಟೆಂಬರ್ 22ರ ಸಭೆಯಲ್ಲಿ ಸೇನಾ ಮುಖ್ಯಸ್ಥ ಜನರಲ್ ಪಿ.ಎನ್. ಥಾಪರ್ ಲಿಖಿತ ಆದೇಶ ಕೇಳಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ನ್ಯೂಯಾರ್ಕ್‌ನಲ್ಲಿದ್ದರು. ಪ್ರಧಾನಿ ನೆಹರೂ ಕೂಡ ವಿದೇಶದಲ್ಲಿದ್ದರು. ಆದೇಶ ಬಂತು. ಅದರ ಕೆಳಗೆ ಇದ್ದದ್ದು ರಕ್ಷಣಾ ಇಲಾಖೆಯ ಜಂಟಿ ಕಾರ್ಯದರ್ಶಿ ಎಚ್.ಸಿ. ಸರೀನ್ ಅವರ ಸಹಿ. ಸೇನೆ ಸಿದ್ಧವಾದ ಕೂಡಲೇ ಚೀನೀಯರನ್ನು ಹೊರಹಾಕಲು ಸೇನಾ ಮುಖ್ಯಸ್ಥರಿಗೆ ನಿರ್ದೇಶನ ಕೊಡಲಾಗಿದೆ ಎಂಬುದು ಅದರ ಸಾರ. ಒಂದು ದೇಶ ಯುದ್ಧಕ್ಕೆ ಹತ್ತಿರವಾದ ಗಳಿಗೆ ಇದು. ‘ಸಿದ್ಧವಾದ ಕೂಡಲೇ’ ಅನ್ನುವ ಮಾತನ್ನು ಯಾರು ಸೇರಿಸಿದರು, ಸಿದ್ಧವಾಗಿಲ್ಲ ಎಂದು ಯಾರು ಬರವಣಿಗೆಯಲ್ಲಿ ತಿಳಿಸಬೇಕಿತ್ತು, ತಿಳಿಸಿದರೇ? ಸತ್ತ ಸೈನಿಕರ ಮನೆಯವರಿಗೆ ಸಲ್ಲಬೇಕಾದ ಉತ್ತರ ಇದು. ಸಾವಿರಾರು ಪುಟದ ನೆನಪುಗಳಿಗಿಂತ ಈ ನಾಲ್ಕು ಸಾಲಿನ ಕಾಗದ ನಮಗೆ ಹೆಚ್ಚು ಹೇಳುತ್ತದೆ.

ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಸೇನಾಧಿಕಾರಿಗಳು ವರದಿ ತಯಾರಿಸಿ 1963ರಲ್ಲೇ ಕೊಟ್ಟರು. ಸರ್ಕಾರ ಅದನ್ನು ಈವರೆಗೂ ಬಿಡುಗಡೆ ಮಾಡಿಲ್ಲ. 2010ರಲ್ಲೂ ರಕ್ಷಣಾ ಸಚಿವ ಎ.ಕೆ. ಆಂಟನಿ ಅದು ಸೂಕ್ಷ್ಮ ವಿಷಯ ಎಂದೇ ಸಂಸತ್ತಿಗೆ ತಿಳಿಸಿದರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಅಂತರ್ಜಾಲದಲ್ಲಿ ಹಾಕಿದರು. ಕಡತ ಬೀಗದೊಳಗೆ ಇರುವ ತನಕ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಈ ದೋಷವನ್ನು ಬರೆದವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ, ಬೀಗ ಹಾಕಿದ ಸರ್ಕಾರಗಳ ಪಾಲೂ ಇದೆ.

ಕನ್ನಡದಲ್ಲಿ ‘ಹಿಮಾಲಯನ್ ಬ್ಲಂಡರ್’ ಓದಿದ್ದೇನೆ. ಅದು ಸಾಕಲ್ವಾ?

ಒಳ್ಳೆಯ ಪುಸ್ತಕವನ್ನೇ ಓದಿದ್ದೀರಿ. ರವಿ ಬೆಳಗೆರೆ ಅವರ ಅನುವಾದದಿಂದ ದಳವಿಯ ಪುಸ್ತಕ ಕನ್ನಡದ ಮನೆ ಮನೆಗೆ ಹೋಯಿತು. ನಮ್ಮಲ್ಲಿ ಎಷ್ಟೋ ಜನರಿಗೆ 1962 ಅಂದರೆ ದಳವಿ ಕಂಡ 1962. ದಳವಿ ನದಿಯ ದಂಡೆಯಲ್ಲೇ ಇದ್ದವರು, ಸೈನಿಕರ ಜೊತೆ ಕಷ್ಟಪಟ್ಟವರು, ಏಳು ತಿಂಗಳು ಸೆರೆಯಲ್ಲಿದ್ದವರು. ಅವರ ಸಿಟ್ಟಿಗೆ ಬೆಲೆ ಇದೆ.

ಆದರೂ ಅವರು ಒಬ್ಬ ಸಾಕ್ಷಿ. ನಾಮ್ಕಾ ಚು ದಂಡೆಯಲ್ಲಿ ನಿಂತವರಿಗೆ ದಿಲ್ಲಿಯ ಕೋಣೆಯೊಳಗೆ ನಡೆದ ಮಾತು ಕೇಳಿಸುವುದಿಲ್ಲ. ದಿಲ್ಲಿಯ ಬಗ್ಗೆ ಅವರು ಬರೆದದ್ದರಲ್ಲಿ ಬೇರೆಯವರಿಂದ ಕೇಳಿದ್ದು, ಆಮೇಲೆ ಓದಿದ್ದು ಸೇರಿದೆ. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆ ಮಾಡಿ ಓದಿ. ಎರಡನೆಯದಕ್ಕೆ ಇನ್ನೊಂದು ಪುಸ್ತಕದ ಸಾಕ್ಷಿ ಬೇಕು.

ಇನ್ನೊಂದು ಮಾತು. ಕೊಡಗಿನ ಜನರಲ್ ತಿಮ್ಮಯ್ಯ 1957ರಿಂದ 1961ರ ತನಕ ಸೇನಾ ಮುಖ್ಯಸ್ಥರಾಗಿದ್ದರು. 1959ರಲ್ಲಿ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ಪಡೆದವರು. ನಿವೃತ್ತಿಯಾದ ಮೇಲೆ, 1962ರ ಜುಲೈನಲ್ಲಿ, ಒಂದು ಲೇಖನದಲ್ಲಿ ಭಾರತ ಒಂಟಿಯಾಗಿ ಚೀನಾ ಜೊತೆ ನೇರ ಯುದ್ಧ ಮಾಡುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂಬ ಅರ್ಥದ ಮಾತು ಬರೆದರು. ಯುದ್ಧಕ್ಕೆ ಮೂರು ತಿಂಗಳು ಮೊದಲು! ಘಟನೆಗೆ ಮುಂಚೆ ಬರೆದ ಇಂಥ ಒಂದು ಪ್ಯಾರಾಕ್ಕೆ ಇರುವ ತೂಕ ಘಟನೆಯಾದ ಮೇಲೆ ಬರೆದ ನೂರು ಪುಟಕ್ಕೆ ಬರುವುದಿಲ್ಲ. ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡರು. ಆಮೇಲೆ ಬಂದ ಪುಸ್ತಕಗಳಿಗೆ ಅವರು ಉತ್ತರ ಕೊಡುವಂತಿರಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಲೇಖಕರ ಜವಾಬ್ದಾರಿ ಹೆಚ್ಚು ಎಂದು ನಾನು ನಂಬುತ್ತೇನೆ.

ಮೂವತ್ತು ವರ್ಷದ ಹಿಂದಿನ ಮಾತುಕತೆಯನ್ನು ಉದ್ಧರಣ ಚಿಹ್ನೆ ಹಾಕಿ ಬರೆಯುತ್ತಾರಲ್ಲ, ಅಷ್ಟು ನೆನಪಿರುತ್ತದೆಯೇ?

ಇರುವುದಿಲ್ಲ. ದಿನಚರಿ ಬರೆದಿಟ್ಟವರಾದರೆ ಬೇರೆ ಮಾತು. ನೆನಪು ತಾರೀಖನ್ನೂ ಜಾಗವನ್ನೂ ಕಲಸುತ್ತದೆ, ಎಷ್ಟೇ ದೊಡ್ಡ ಹುದ್ದೆಯವರಾದರೂ ಅಷ್ಟೇ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥರಾಗಿದ್ದ ಜಾರ್ಜ್ ಟೆನೆಟ್ 2007ರ ತಮ್ಮ ಪುಸ್ತಕದಲ್ಲಿ, 2001ರ ಸೆಪ್ಟೆಂಬರ್ 12ರಂದು, ಅಂದರೆ ನ್ಯೂಯಾರ್ಕ್ ದಾಳಿಯ ಮಾರನೇ ದಿನ, ಶ್ವೇತಭವನದ ಬಾಗಿಲಲ್ಲಿ ರಕ್ಷಣಾ ಸಲಹೆಗಾರ ರಿಚರ್ಡ್ ಪರ್ಲ್ ಸಿಕ್ಕರು, ಇರಾಕ್ ಬೆಲೆ ತೆರಬೇಕು ಎಂದರು ಅಂತ ಬರೆದರು. ಆ ದಿನ ಪರ್ಲ್ ಫ್ರಾನ್ಸ್‌ನಲ್ಲಿದ್ದರು, ವಿಮಾನ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದರು. ತಾರೀಖು ತಪ್ಪಿರಬಹುದು ಎಂದು ಟೆನೆಟ್ ಆಮೇಲೆ ಹೇಳಬೇಕಾಯಿತು. ಘಟನೆ ನಡೆದು ಆರೇ ವರ್ಷಕ್ಕೆ ಹೀಗೆ.

ಸರ್ಕಾರವೇ ಬಾಯಿ ಕಟ್ಟಿಹಾಕುತ್ತದಲ್ಲ? ಎಲ್ಲ ಹೇಳಿ ಅಂತ ಅವರನ್ನು ಕೇಳುವುದು ಸರಿಯೇ?

ಈ ಪ್ರಶ್ನೆ ಸರಿಯಾದದ್ದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬ್ರಿಟಿಷರ ಕಾಲದ್ದು, ಇಂದಿಗೂ ಇದೆ. ನಿವೃತ್ತಿಯಾದರೂ ಅದು ಬಿಡುವುದಿಲ್ಲ. ವಿದೇಶಿ ಬೇಹುಗಾರಿಕೆ ನೋಡುವ ರಾ ಸಂಸ್ಥೆಯಲ್ಲಿದ್ದ ಮೇಜರ್ ಜನರಲ್ ವಿ.ಕೆ. ಸಿಂಗ್ 2007ರಲ್ಲಿ ಪುಸ್ತಕ ಬರೆದಾಗ ಅವರ ಮೇಲೆ ಈ ಕಾಯ್ದೆಯಡಿ ಕೇಸ್ ಬಿತ್ತು, ಸಿಬಿಐ ಮನೆ ಶೋಧಿಸಿತು. 2021ರ ಮೇ 31ರಂದು ಪಿಂಚಣಿ ನಿಯಮಕ್ಕೆ ತಿದ್ದುಪಡಿ ಬಂತು. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಆ ಸಂಸ್ಥೆಯ ಕೆಲಸಕ್ಕೆ ಸಂಬಂಧಿಸಿದ್ದನ್ನು ಪ್ರಕಟಿಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಪಿಂಚಣಿಗೇ ಕುತ್ತು. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಎಂ.ಎಂ. ನರವಣೆ ಅವರ ಪುಸ್ತಕದ ಕೆಲವು ಭಾಗ 2023ರ ಡಿಸೆಂಬರ್‌ನಲ್ಲಿ ಸುದ್ದಿಯಾದ ಮೇಲೆ, ಪರಿಶೀಲನೆಯ ಹೆಸರಿನಲ್ಲಿ ಪ್ರಕಟಣೆ ನಿಂತುಹೋಯಿತು.

ಹಾಗಾಗಿ ಬೇಹುಗಾರಿಕೆ, ಸೇನೆಯವರ ಪುಸ್ತಕಗಳಲ್ಲಿ ಖಾಲಿ ಜಾಗ ಕಂಡರೆ ಸ್ವಲ್ಪ ಸೈರಿಸಿಕೊಳ್ಳೋಣ. ಆದರೆ ಕಂದಾಯ, ಆಹಾರ, ನೀರಾವರಿ ಇಲಾಖೆಯಲ್ಲಿದ್ದವರಿಗೆ ಇಷ್ಟು ಕಟ್ಟುಪಾಡು ಇಲ್ಲ. ಪಡಿತರ ಚೀಟಿಯಲ್ಲಿ ಏನಾಯಿತು ಎಂದು ಬರೆದರೆ ದೇಶದ ಭದ್ರತೆಗೆ ಏನೂ ಆಗುವುದಿಲ್ಲ. ಅಲ್ಲೂ ಮೌನ ಇದ್ದರೆ ಕಾರಣ ಬೇರೆ. ನಿವೃತ್ತಿಯ ನಂತರ ಸಿಗುವ ಆಯೋಗ, ಮಂಡಳಿ, ಸಲಹೆಗಾರ ಹುದ್ದೆಗಳ ಆಸೆ ಒಂದು ಕಾರಣ. ಎಷ್ಟೋ ಪುಸ್ತಕಗಳು ಹಳೆಯ ಮುಖ್ಯಮಂತ್ರಿಗಳ ಬಗ್ಗೆ ಖಾರವಾಗಿ, ಈಗಿನವರ ಬಗ್ಗೆ ಮೆತ್ತಗೆ ಇರುವುದಕ್ಕೂ ಇದೇ ಕಾರಣ.

ಚುನಾವಣೆ ಹೊತ್ತಿಗೆ ಬರುವ ‘ಸ್ಫೋಟಕ’ ಪುಸ್ತಕಗಳ ಬಗ್ಗೆ ಏನು ಹೇಳುತ್ತೀರಿ?

ಓದಿ, ಆದರೆ ಒಂದು ವರ್ಷ ಬಿಟ್ಟು ಓದಿ. 2014ರ ಲೋಕಸಭಾ ಚುನಾವಣೆಯ ನಡುವೆ, ಏಪ್ರಿಲ್‌ನಲ್ಲಿ, ಪ್ರಧಾನಿ ಮನಮೋಹನ್ ಸಿಂಗ್ ಅವರ ಮಾಧ್ಯಮ ಸಲಹೆಗಾರರಾಗಿದ್ದ ಸಂಜಯ ಬಾರು ಅವರ ಪುಸ್ತಕವೂ ಕಲ್ಲಿದ್ದಲು ಕಾರ್ಯದರ್ಶಿಯಾಗಿದ್ದ ಪಿ.ಸಿ. ಪಾರಖ್ ಅವರ ಪುಸ್ತಕವೂ ಬಂದವು. ಟಿವಿಯಲ್ಲಿ ಎರಡು ಮೂರು ಸಾಲು ಓಡಿದವು, ಉಳಿದ ಪುಟಗಳ ಬಗ್ಗೆ ಚರ್ಚೆಯೇ ಆಗಲಿಲ್ಲ. ಅದೇ ವರ್ಷ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರಾಗಿದ್ದ (ಸಿಎಜಿ) ವಿನೋದ್ ರಾಯ್ ಅವರ ಪುಸ್ತಕ ಬಂತು. ಆ ಸಂದರ್ಭದ ಸಂದರ್ಶನದಲ್ಲಿ, 2ಜಿ ಮೊಬೈಲ್ ತರಂಗಾಂತರ ಹಂಚಿಕೆಯ ವರದಿಯಿಂದ ಪ್ರಧಾನಿಯ ಹೆಸರು ಬಿಡಿ ಎಂದು ಒತ್ತಡ ಹಾಕಿದ ಸಂಸದರಲ್ಲಿ ಸಂಜಯ್ ನಿರುಪಮ್ ಒಬ್ಬರು ಎಂದರು. ನಿರುಪಮ್ ಮಾನನಷ್ಟ ಮೊಕದ್ದಮೆ ಹೂಡಿದರು. 2021ರಲ್ಲಿ ರಾಯ್ ಬೇಷರತ್ ಕ್ಷಮೆ ಕೇಳಿದರು. ಆರೋಪ ಊರೆಲ್ಲ ಕೇಳಿತ್ತು. ಕ್ಷಮೆ ಒಳಪುಟದ ಸುದ್ದಿಯಾಯಿತು. ಅಷ್ಟು ಉನ್ನತ ಹುದ್ದೆಯಲ್ಲಿದ್ದವರ ಒಂದು ಮಾತನ್ನು ಜನ ದಾಖಲೆ ಎಂದೇ ನಂಬುತ್ತಾರೆ, ಅದಕ್ಕೇ ಇದು ನೋವಿನ ಸಂಗತಿ.

ತಪ್ಪನ್ನು ನೇರವಾಗಿ ಒಪ್ಪಿಕೊಂಡವರು ಯಾರಾದರೂ ಇದ್ದಾರೆಯೇ?

ಇದ್ದಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮ್ಯಾಕ್‌ನಮಾರ 1995ರಲ್ಲಿ, ನಾವು ಘೋರ ತಪ್ಪು ಮಾಡಿದೆವು ಎಂದು ಬರೆದರು. ಅವರು ಹುದ್ದೆ ಬಿಟ್ಟದ್ದು 1968ರಲ್ಲಿ. ಯುದ್ಧ ಆಮೇಲೂ ಏಳು ವರ್ಷ ನಡೆಯಿತು. ಆ ಏಳು ವರ್ಷ ಅವರು ಹೊರಗೆ ಬಾಯಿ ಬಿಡಲಿಲ್ಲ. ಒಪ್ಪಿಕೊಂಡದ್ದಕ್ಕೆ ಗೌರವ ಕೊಡುತ್ತೇನೆ. ಆದರೆ ಪುಸ್ತಕ ಬಂದಾಗ ಸತ್ತವರ ಮನೆಯವರು ಸಿಟ್ಟಾದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕನ್ನಡದಲ್ಲಿ ಒಳ್ಳೆಯ ಮಾದರಿ ಇದೆಯೇ?

ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿ. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿ, ಅಂದರೆ ಈಗಿನ ತಹಶೀಲ್ದಾರರ ಹಾಗೆ, ಕೆಲಸ ಮಾಡಿದವರು. ಅದರಲ್ಲಿ ಹಳ್ಳಿಯವರು, ಕೈಕೆಳಗಿನ ನೌಕರರು ಜೀವ ತುಂಬಿಕೊಂಡು ಬರುತ್ತಾರೆ. ಈಗಿನ ಪುಸ್ತಕಗಳಲ್ಲಿ ನನಗೆ ಬೇಸರ ತರುವುದು ಇದೇ. ಸಚಿವರು, ಮುಖ್ಯ ಕಾರ್ಯದರ್ಶಿ, ವಿದೇಶಿ ತಜ್ಞರು ಎಲ್ಲರಿಗೂ ಹೆಸರಿದೆ. ಟಿಪ್ಪಣಿ ಬರೆದುಕೊಟ್ಟ ಶಿರಸ್ತೇದಾರರಿಗೆ, ಊರೂರು ಅಲೆದ ಗ್ರಾಮ ಲೆಕ್ಕಿಗರಿಗೆ ಹೆಸರಿಲ್ಲ. ಅಣೆಕಟ್ಟಿನ ಅಧ್ಯಾಯದಲ್ಲಿ ಎತ್ತರ, ಉದ್ದ, ಖರ್ಚು ಎಲ್ಲ ಇರುತ್ತದೆ. ಮುಳುಗಿದ ಊರುಗಳ ಹೆಸರು ಹುಡುಕಿದರೂ ಸಿಗುವುದಿಲ್ಲ.

ಸರ್ಕಾರದ ಹೊರಗಿದ್ದವರು ಕಂಡದ್ದು ಬೇಕಾದರೆ ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ ಇದೆ. ಮೈಸೂರಿನ ದಿವಾನರ ಬಗ್ಗೆಯೇ ಒಂದು ಸಂಪುಟ. ಪತ್ರಕರ್ತರಾಗಿ ಹತ್ತಿರದಿಂದ ನೋಡಿದವರು ಬರೆದದ್ದು. ವಿಶ್ವೇಶ್ವರಯ್ಯನವರ 1951ರ ನೆನಪಿನ ಪುಸ್ತಕದ ಜೊತೆ ಇದನ್ನೂ ಇಟ್ಟುಕೊಳ್ಳಿ.

ಮೂಲ ಕಡತ ನಾವು ನೋಡಬಹುದೇ?

ಕೆಲವನ್ನು ನೋಡಬಹುದು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಕಡತದ ಟಿಪ್ಪಣಿಯೂ ಮಾಹಿತಿಯೇ. 2006ರಲ್ಲಿ ಕೇಂದ್ರ ಸರ್ಕಾರ ಟಿಪ್ಪಣಿಗಳನ್ನು ಹೊರಗಿಡಲು ತಿದ್ದುಪಡಿ ತರಲು ಹೊರಟಿತ್ತು, ಜನ ವಿರೋಧಿಸಿದ ಮೇಲೆ ಕೈಬಿಟ್ಟಿತು. ಇಪ್ಪತ್ತು ವರ್ಷ ಹಳೆಯ ವಿಷಯವಾದರೆ, ಮಾಹಿತಿ ಕೊಡದಿರಲು ಸರ್ಕಾರಕ್ಕೆ ಇರುವ ಹಲವು ವಿನಾಯಿತಿಗಳು ಬಿದ್ದುಹೋಗುತ್ತವೆ. ದೇಶದ ಭದ್ರತೆ, ಸಂಪುಟದ ಕಾಗದಪತ್ರ, ಶಾಸನಸಭೆಯ ಹಕ್ಕುಬಾಧ್ಯತೆಯ ವಿನಾಯಿತಿ ಮಾತ್ರ ಉಳಿಯುತ್ತದೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಕಡತದ ಸಂಖ್ಯೆ, ವರ್ಷ ಗೊತ್ತಿದ್ದರೆ ಕೆಲಸ ಸಲೀಸು.

ಸಂಸ್ಥಾನದ ಕಾಲದ್ದಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. 1918ರಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯಕ್ಕೆ ಮಿಲ್ಲರ್ ಸಮಿತಿ ಆಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಆ ಕಾಲ ತಿಳಿಯಬೇಕಾದರೆ ದಿವಾನರ ನೆನಪು ಒಂದೇ ಸಾಲದು, ಸಮಿತಿಯ ವರದಿ ಓದಲೇಬೇಕು.

ಐಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಈ ಪುಸ್ತಕಗಳಿಂದ ಉಪಯೋಗ ಇದೆಯೇ?

ಇದೆ. ಆದರೆ ಒಂದೇ ಘಟನೆಯ ಬಗ್ಗೆ ಎರಡು ಪುಸ್ತಕ ಓದಿ. ಒಂದನ್ನೇ ಓದಿ ಉತ್ತರ ಬರೆಯಬೇಡಿ.

ನಮ್ಮ ದೊಡ್ಡಪ್ಪ ನಿವೃತ್ತ ತಹಶೀಲ್ದಾರ್. ಪುಸ್ತಕ ಬರೆಯುತ್ತೇನೆ ಅನ್ನುತ್ತಿದ್ದಾರೆ. ಏನು ಹೇಳಲಿ?

ಖಂಡಿತ ಬರೆಯಿರಿ ದೊಡ್ಡಪ್ಪ ಅನ್ನಿ. ದಿಲ್ಲಿಯವರ ಪುಸ್ತಕಗಳಿಗಿಂ‍ತ ತಾಲ್ಲೂಕು ಕಚೇರಿಯ ಪುಸ್ತಕ ನಮಗೆ ಜಾಸ್ತಿ ಬೇಕು. ಭೂ ಸುಧಾರಣೆಯ ಕಾಲದ ಗೇಣಿದಾರರ ಅರ್ಜಿಗಳು, ಬರಗಾಲದ ಕಾಮಗಾರಿ, ಚುನಾವಣೆಯ ರಾತ್ರಿಗಳು, ಇವನ್ನು ಕಂಡವರು ಬರೆಯದೆ ಹೋಗುತ್ತಿದ್ದಾರೆ.

ಬರೆಯುವ ಮೊದಲು ಹಳೆಯ ಡೈರಿ, ಪ್ರವಾಸದ ದಿನಚರಿ, ವರ್ಗಾವಣೆ ಆದೇಶಗಳನ್ನು ಹುಡುಕಿ ಜೋಡಿಸಿಕೊಡಿ, ತಾರೀಖುಗಳು ಅಲ್ಲೇ ಸಿಗುತ್ತವೆ. ಜೊತೆಗೆ ಕೆಲಸ ಮಾಡಿದ ಶಿರಸ್ತೇದಾರರು, ಡ್ರೈವರ್ ಇನ್ನೂ ಇದ್ದರೆ ಅವರ ಮನೆಗೆ ಕರೆದುಕೊಂಡು ಹೋಗಿ ಮಾತಾಡಿಸಿ, ಅವರ ನೆನಪು ಬೇರೆ ಇದ್ದರೆ ಅದನ್ನೂ ಪುಸ್ತಕದಲ್ಲಿ ಹಾಕಲಿ. ಇಷ್ಟವಿಲ್ಲದೆ ಸಹಿ ಹಾಕಿದ ಒಂದು ಕಡತವನ್ನಾದರೂ ನೆನಪಿಸಿಕೊಂಡು ಯಾಕೆ ಹಾಕಿದೆ ಎಂದು ಬರೆಯಲಿ. ದೊಡ್ಡಮ್ಮ ಒಂದು ಸಲ ಓದಲಿ, ಅವರಿಗೆ ಎಷ್ಟೋ ವಿಷಯ ಇವರಿಗಿಂತ ಚೆನ್ನಾಗಿ ನೆನಪಿರುತ್ತದೆ. ಕೊನೆಯಲ್ಲಿ ಊರು ಮತ್ತು ವ್ಯಕ್ತಿಗಳ ಹೆಸರಿನ ಅಕಾರಾದಿ ಹಾಕಿಸಿ. ತಮ್ಮ ಊರಿನ ಬಗ್ಗೆ ಏನಿದೆ ಎಂದು ಹುಡುಕುವವರಿಗೆ ಅದಿಲ್ಲದೆ ಪುಸ್ತಕ ದಕ್ಕುವುದಿಲ್ಲ.